ಕಾರಿನ ಸ್ಟೀರಿಯೋದಲ್ಲಿ ಸಿಡಿ ಸಿಕ್ಕಿಹಾಕಿಕೊಂಡಿದೆ. ಚಿಮಟದಲ್ಲಿ ಎಳೆಯಲೇ, ಹೊಸ ಸೆಟ್ ಹಾಕಿಸಲೇ?

ಎರಡೂ ಬೇಡ. ದಯವಿಟ್ಟು ಆ ಚಿಮಟವನ್ನು ಮೊದಲು ಕೆಳಗಿಡಿ.

ಇಜೆಕ್ಟ್ ಒತ್ತಿದರೆ ಒಳಗೆ ಗುರ್ ಅಂತ ಸದ್ದು ಬಂದು ನಿಲ್ಲುತ್ತದೆ, ಟಾರ್ಚ್ ಬಿಟ್ಟರೆ ಸಿಡಿಯ ಅಂಚು ಕಾಣುತ್ತದೆ ಅಂತ ಬರೆದಿದ್ದೀರಿ. ನನ್ನ ಕಾರಿನಲ್ಲೂ ಥೇಟ್ ಹೀಗೇ ಆಗಿತ್ತು. ನಾನೇ ಬರ್ನ್ ಮಾಡಿದ ಸಿಡಿ ಅದು. ಹಾಡುಗಳ ಹೆಸರು ಪ್ರಿಂಟ್ ಮಾಡಿ ಮೇಲೆ ಕಾಗದದ ಲೇಬಲ್ ಅಂಟಿಸಿದ್ದೆ. ಬಿಸಿಲಿಗೆ ನಿಂತ ಕಾರಿನೊಳಗೆ ಆ ಅಂಟು ಮೆತ್ತಗಾಗಿ ಲೇಬಲ್ಲಿನ ಒಂದು ಅಂಚು ಎದ್ದಿತ್ತು. ಸಿಡಿ ಬರೀ 1.2 ಮಿ.ಮೀ. ದಪ್ಪ. ಸ್ಲಾಟ್ ಇರೋದೂ ಅದರ ಅಳತೆಗೇ. ಎದ್ದ ಕಾಗದ ಒಳಗೆಲ್ಲೋ ತಗುಲಿಕೊಂಡಿತು.

ಅಂಚು ಕಾಣ್ತಿದೆಯಲ್ಲ, ಚಿಮಟದಲ್ಲಿ ಹಿಡಿದು ಎಳೆದರೆ ಬಂದೇ ಬರುತ್ತೆ ಅಂದುಕೊಂಡೆ. ಎಳೆದೆ. ಸ್ವಲ್ಪವೂ ಅಲುಗಲಿಲ್ಲ. ಇನ್ನಷ್ಟು ಜೋರಾಗಿ ಎಳೆದೆ. ಒಳಗೆ ಟಕ್ ಅಂತ ಶಬ್ದ ಬಂತು. ಆ ಶಬ್ದಕ್ಕೇ ನಾನು ದುಡ್ಡು ಕಟ್ಟಿದ್ದು.

ಯಾಕೆ ಅಂತ ವಿವರವಾಗಿಯೇ ಹೇಳ್ತೀನಿ, ಯಾಕಂದ್ರೆ ಇದು ನನಗೆ ಮೊದಲೇ ಗೊತ್ತಿದ್ದರೆ ಸೆಟ್ ಉಳೀತಿತ್ತು. ನಾವು ತಳ್ಳಿದ ಸಿಡಿಯನ್ನು ಒಂದು ರಬ್ಬರ್ ರೋಲರ್ ಒಳಕ್ಕೆ ಎಳೆದುಕೊಳ್ಳುತ್ತದೆ. ಸಿಡಿ ಪೂರ್ತಿ ಒಳಗೆ ಹೋದ ಮೇಲೆ ರೋಲರ್ ಹಿಡಿತ ಬಿಡುತ್ತದೆ. ಆಗ ಮೇಲಿನಿಂದ ಒಂದು ಕ್ಲ್ಯಾಂಪ್ ಇಳಿದು, ಸಿಡಿಯ ನಡುವಿನ ತೂತನ್ನು ಮೋಟಾರಿನ ಬಿಲ್ಲೆಗೆ ಒತ್ತಿ ಹಿಡಿಯುತ್ತದೆ. ಇಜೆಕ್ಟ್ ಒತ್ತಿದಾಗ ಇದೇ ಕೆಲಸ ಹಿಂದುಮುಂದಾಗಿ ನಡೆಯಬೇಕು: ಮೊದಲು ಕ್ಲ್ಯಾಂಪ್ ಏಳಬೇಕು, ಆಮೇಲೆ ರೋಲರ್ ಸಿಡಿಯನ್ನು ಹೊರಗೆ ತಳ್ಳಬೇಕು. ಕ್ಲ್ಯಾಂಪ್ ಏಳದೆ ನೀವು ಎಳೆದರೆ, ಎಳೆಯೋದು ಸಿಡಿಯನ್ನಲ್ಲ, ಕ್ಲ್ಯಾಂಪಿನ ತೆಳು ತೋಳನ್ನು. ನನ್ನ ಸೆಟ್ಟಿನಲ್ಲಿ ಅದೇ ಬಾಗಿತು. ರಿಪೇರಿಯವರು ಮುಚ್ಚಳ ಬಿಚ್ಚಿ ತೋರಿಸಿದರು. ಲೇಬಲ್ಲಿನ ಚೂರೊಂದು ರೋಲರ್‌ಗೆ ಮೆತ್ತಿಕೊಂಡಿತ್ತು, ಅದನ್ನು ಸುಲಭವಾಗಿ ಕೆರೆದು ತೆಗೆದರು. ತೋಳು ಮಾತ್ರ ಸರಿಹೋಗಲಿಲ್ಲ. ಆಮೇಲೆ ಯಾವ ಸಿಡಿ ಹಾಕಿದರೂ ಒಲೆದಾಡುತ್ತಾ ತಿರುಗುತ್ತಿತ್ತು, ಸೆಟ್ ಓದುತ್ತಲೇ ಇರಲಿಲ್ಲ. ಕಾಗದ ಮಾಡಿದ್ದು ಸಣ್ಣ ತೊಂದರೆ. ಸೆಟ್ ಹಾಳಾದದ್ದು ಚಿಮಟದಿಂದ.

ಚಾಕುವಿಗೆ ಡಬಲ್ ಟೇಪ್ ಸುತ್ತಿ ತೂರಿಸೋದು, ಇನ್ನೊಂದು ಸಿಡಿ ತಳ್ಳಿ ಮೊದಲನೆಯದನ್ನು ಎಬ್ಬಿಸೋದು, ಇವನ್ನೂ ಯಾರಾದರೂ ಹೇಳ್ತಾರೆ. ನಾನಂತೂ ಒಪ್ಪಲ್ಲ. ಟೇಪ್ ಒಳಗೇ ಉಳಿದರೆ ಮುಗೀತು. ಸೆಟ್ ಆನ್ ಇರುವಾಗ ಲೋಹದ ವಸ್ತು ತೂರಿಸಿದರೆ ಶಾರ್ಟ್ ಆಗೋ ಭಯ ಬೇರೆ. ಎರಡನೇ ಸಿಡಿಯೂ ಸಿಕ್ಕಿಕೊಂಡರೆ ಏನು ಮಾಡ್ತೀರಿ?

ಮಾಡಬೇಕಾದ್ದು ಇಷ್ಟು. ಎಂಜಿನ್ ಚಾಲೂ ಮಾಡಿ, ಬ್ಯಾಟರಿ ಸೊರಗಿದ್ದರೆ ಒಳಗಿನ ಮೋಟಾರಿಗೆ ಬಲ ಸಾಲದೇ ಇರಬಹುದು. ಇಜೆಕ್ಟ್ ಬಟನ್ ಒತ್ತಿ ಬಿಡಬೇಡಿ, 10–15 ಸೆಕೆಂಡ್ ಹಿಡಿದೇ ಇರಿ. ಎಷ್ಟೋ ಸೆಟ್ಟುಗಳಲ್ಲಿ ಬಲವಂತವಾಗಿ ಹೊರಗೆ ಕಳಿಸೋ ಆಜ್ಞೆ ಅದೇ. ಮುಂದಿನ ಪ್ಯಾನೆಲ್‌ನಲ್ಲಿ ಸೂಜಿಮೊನೆಯಷ್ಟು ರಿಸೆಟ್ ತೂತಿದ್ದರೆ ಅದನ್ನೂ ಒತ್ತಿ ನೋಡಿ. ಆಗಲೂ ಬರದಿದ್ದರೆ ಕಾರು ಆಫ್ ಮಾಡಿ, ಸ್ಟೀರಿಯೋದ ಫ್ಯೂಸ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ. ಆದರೆ ಕೆಲವು ಕಂಪನಿ ಸೆಟ್ಟುಗಳು ಕರೆಂಟ್ ಹೋಗಿ ಬಂದರೆ ಕೋಡ್ ಕೇಳುತ್ತವೆ. ಆ ಕೋಡ್ ನಿಮ್ಮ ಬಳಿ ಇದೆಯಾ ಅಂತ ಮ್ಯಾನುಯಲ್ಲಿನ ಜೊತೆ ಬಂದ ಕಾರ್ಡ್ ನೋಡಿಕೊಂಡೇ ಫ್ಯೂಸಿಗೆ ಕೈ ಹಾಕಿ. ಸಿಡಿ ತಾನಾಗಿ ಹೊರಗೆ ಬಂದು ಅರ್ಧಕ್ಕೆ ನಿಂತರೆ ಆಗ ಬೆರಳಲ್ಲಿ ಮೆಲ್ಲಗೆ ಹಿಡಿದು ತೆಗೆಯಬಹುದು.

ಇಷ್ಟಕ್ಕೂ ಬರದಿದ್ದರೆ ಸುಮ್ನೆ ಬಿಟ್ಟುಬಿಡಿ. ಸಾಮಾನ್ಯವಾಗಿ ಸಿಡಿ ಒಳಗಿದ್ದರೂ ರೇಡಿಯೋ ಹಾಡುತ್ತೆ, ಆಕ್ಸ್ (ಫೋನಿನ ವೈರ್ ಸಿಕ್ಕಿಸಿ ಹಾಡು ಕೇಳೋ ತೂತು) ಕೆಲಸ ಮಾಡುತ್ತೆ. ಯಾವ ಅವಸರವೂ ಇಲ್ಲ, ಅಲ್ವಾ? ಬಿಡುವಾದಾಗ ಕಾರ್ ಆಡಿಯೋ ರಿಪೇರಿ ಮಾಡುವವರ ಹತ್ತಿರ ಹೋಗಿ. ಸೆಟ್ ಹೊರಗೆ ತೆಗೆದು ಮೇಲಿನ ಮುಚ್ಚಳ ಬಿಚ್ಚಿದರೆ ಕ್ಲ್ಯಾಂಪನ್ನು ಕೈಯಿಂದಲೇ ಎತ್ತಬಹುದು, ಸಿಡಿಗೆ ಗೀರೂ ಬೀಳಲ್ಲ. ನೀವು ಚಿಮಟ ಹಾಕಿಲ್ಲ ಅನ್ನೋದನ್ನು ಅವರಿಗೆ ಹೇಳಿ. ಹಾಕಿದ್ದರೆ ಅದನ್ನೂ ಹೇಳಿ, ಎಲ್ಲಿ ನೋಡಬೇಕು ಅಂತ ಅವರಿಗೆ ಬೇಗ ಗೊತ್ತಾಗುತ್ತೆ.

ಸೆಟ್ಟಿನ ಮಾಡೆಲ್ ಯಾವುದು, ಸಿಡಿಯ ಮೇಲೆ ಲೇಬಲ್ ಇತ್ತಾ ಅಂತ ನೀವು ಬರೆದಿಲ್ಲ. ಕೆಳಗೆ ಬರೆದು ತಿಳಿಸಿ, ನೋಡೋಣ.