ನಿಘಂಟು ತಿರುವಿದ ಮಾತ್ರಕ್ಕೆ ಗ್ರೀಕ್ ಬಂದಂತಲ್ಲ

ಬೈಬಲನ್ನು ಮೂಲಭಾಷೆಗಳಲ್ಲಿ ಓದಬೇಕೆಂದು ಬರೆಯುವವರ ಪತ್ರಗಳನ್ನು ಬಿಡಿಸುವಾಗ ನನಗೆ ಸಂತೋಷವೂ ಆಗುತ್ತದೆ, ಸಿಟ್ಟೂ ಬರುತ್ತದೆ. ಸಂತೋಷಕ್ಕೆ ಕಾರಣ ಹೇಳಬೇಕಾಗಿಲ್ಲ. ಸಿಟ್ಟು ಏಕೆಂದರೆ, ಬಹುಪಾಲು ಪತ್ರಗಳು ಗ್ರೀಕ್ ಮತ್ತು ಹೀಬ್ರೂ ಭಾಷೆಗಳನ್ನು ಕಲಿಯುವ ದಾರಿ ಕೇಳುವುದಿಲ್ಲ, ಕಲಿಯದೆಯೇ ಕಲಿತವರಂತೆ ಮಾತಾಡುವ ದಾರಿ ಕೇಳುತ್ತವೆ. ಅಕ್ಷರಮಾಲೆ, ಉಚ್ಚಾರಣೆ ಮೊದಲಾದವನ್ನು ಯಾವ ಪಠ್ಯಪುಸ್ತಕವಾದರೂ ಕಲಿಸುತ್ತದೆಯಾದ್ದರಿಂದ ಅವುಗಳ ಗೊಡವೆಗೆ ನಾನು ಹೋಗುವುದಿಲ್ಲ. ಮತ್ತೆ ಮತ್ತೆ ಬರುವ ಒಂದು ಪ್ರಶ್ನೆಗೆ ಈ ಸಲ ವಿವರವಾಗಿ ಉತ್ತರಿಸಿ, ಉಳಿದವನ್ನು ಬೇಗ ಮುಗಿಸುತ್ತೇನೆ.

ಪ್ರಶ್ನೆ: ಗ್ರೀಕಿನಲ್ಲಿ ಪ್ರೀತಿಗೆ ನಾಲ್ಕು ಪದಗಳಿವೆ, ಅಗಾಪೆ ಎಂದರೆ ದೇವರ ನಿಸ್ವಾರ್ಥ ಪ್ರೀತಿ, ಫಿಲಿಯಾ ಎಂದರೆ ಬರೀ ಸ್ನೇಹ ಎಂದು ಪ್ರಸಂಗದಲ್ಲಿ ಕೇಳಿದೆ. ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಯೇಸು ಕೇಳುವುದು ಮೊದಲನೆಯದನ್ನು, ಶಿಷ್ಯನಾದ ಪೇತ್ರ ಕೊಡುವುದು ಎರಡನೆಯದನ್ನು ಎಂದರು. ಬೈಬಲಿನ ಮೂಲಪದಗಳಿಗೆ ಕೊಟ್ಟಿರುವ ಸ್ಟ್ರಾಂಗ್ ಸಂಖ್ಯೆಗಳ ನೆರವಿನಿಂದ ಇಂಥ ಗೂಢಾರ್ಥಗಳನ್ನು ನಾನೇ ಹುಡುಕಿಕೊಳ್ಳಬಹುದಲ್ಲವೇ? ವ್ಯಾಕರಣ ಬೇಕೇ ಬೇಕೇ?

ಉತ್ತರ: ವ್ಯಾಕರಣ ಬೇಕೇ ಬೇಕು. ಏಕೆಂಬುದನ್ನು ನೀವು ಕೊಟ್ಟ ಉದಾಹರಣೆಯಿಂದಲೇ ತೋರಿಸುತ್ತೇನೆ.

ಆ ಭಾಗದಲ್ಲಿ ಯೇಸು ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಮೊದಲೆರಡು ಸಲ ‘ಅಗಪಾವೋ’ ಕ್ರಿಯಾಪದವನ್ನು ಬಳಸಿ ಕೇಳುತ್ತಾನೆ, ಮೂರನೆಯ ಸಲ ‘ಫಿಲೆಯೋ’ ಬಳಸುತ್ತಾನೆ, ಪೇತ್ರ ಮೂರು ಸಲವೂ ‘ಫಿಲೆಯೋ’ ಎಂದೇ ಉತ್ತರಿಸುತ್ತಾನೆ. ಇಷ್ಟು ನಿಜ. ಆದರೆ ಅದೇ ಮೂರು ವಚನಗಳಲ್ಲಿ ಬದಲಾಗುವ ಪದಗಳು ಇವಷ್ಟೇ ಅಲ್ಲ. ಪ್ರತಿ ಉತ್ತರಕ್ಕೂ ಯೇಸು ‘ನನ್ನ ಕುರಿಗಳನ್ನು ಮೇಯಿಸು’ ಎನ್ನುವಾಗ ಮೇಯಿಸು ಎನ್ನುವುದಕ್ಕೆ ಎರಡು ಕ್ರಿಯಾಪದಗಳಿವೆ, ಕುರಿಗಳಿಗೆ ಒಮ್ಮೆ ಮರಿ ಎಂಬ ಪದವಿದ್ದರೆ ಇನ್ನೊಮ್ಮೆ ಕುರಿ ಎಂಬ ಪದವಿದೆ, ಮತ್ತು ಕೊನೆಯ ಉತ್ತರದಲ್ಲಿ ‘ನಿನಗೆ ತಿಳಿದಿದೆ’ ಎಂಬುದನ್ನು ಪೇತ್ರ ಒಂದೇ ಉಸಿರಿನಲ್ಲಿ ಎರಡು ಬೇರೆ ಕ್ರಿಯಾಪದಗಳಿಂದ ಹೇಳುತ್ತಾನೆ. ಈ ಜೋಡಿಗಳ ಮೇಲೆ ಯಾರೂ ಪ್ರಸಂಗ ಮಾಡುವುದಿಲ್ಲ. ಪ್ರೀತಿಯ ಜೋಡಿಯೊಂದನ್ನು ಮಾತ್ರ ಆರಿಸಿಕೊಂಡು ಅದರಲ್ಲಿ ಸ್ವರ್ಗ ಭೂಮಿಗಳ ಅಂತರ ಕಾಣುತ್ತಾರೆ. ಪದಗಳನ್ನು ಹೀಗೆ ಬದಲಿಸುತ್ತ ಬರೆಯುವುದು ಈ ಸುವಾರ್ತೆಯ ಶೈಲಿ. ಪ್ರೀತಿ, ಒಲವು, ಅಕ್ಕರೆ ಎಂದು ಒಂದೇ ಪುಟದಲ್ಲಿ ಬರೆಯುವ ಕನ್ನಡ ಲೇಖಕನಿಂದ ನಾವು ಮೂರು ಸಿದ್ಧಾಂತಗಳನ್ನು ಹೊರಡಿಸುತ್ತೇವೆಯೇ?

ವಿದ್ಯಾರ್ಥಿಯಾಗಿದ್ದಾಗ ನಾನೂ ಈ ಅಗಾಪೆಯ ಮಾತನ್ನು ತರಗತಿಯಲ್ಲಿ ಬಹಳ ಗತ್ತಿನಿಂದ ಹೇಳಿದ್ದೆ. ನಮ್ಮ ಗುರುಗಳು ವಾದಕ್ಕೆ ಇಳಿಯಲಿಲ್ಲ. ಯೋಹಾನ 3:35 ಓದು ಎಂದರು. ತಂದೆ ಮಗನನ್ನು ಪ್ರೀತಿಸುತ್ತಾನೆ ಎಂದಿತ್ತು, ಕ್ರಿಯಾಪದ ‘ಅಗಪಾವೋ’. ಆಮೇಲೆ 5:20 ಓದು ಎಂದರು. ಅಲ್ಲಿಯೂ ತಂದೆ ಮಗನನ್ನು ಪ್ರೀತಿಸುತ್ತಾನೆ, ಆದರೆ ಕ್ರಿಯಾಪದ ‘ಫಿಲೆಯೋ’. ನನ್ನ ನಾಲಿಗೆ ಅರ್ಧ ವಾಕ್ಯಕ್ಕೇ ತೊದಲಿತು. ತಂದೆಗೆ ಮಗನ ಮೇಲಿದ್ದುದು ಬರೀ ಸ್ನೇಹವೋ ಎಂದು ಅವರು ಕೇಳಬೇಕಾಗಿಯೇ ಬರಲಿಲ್ಲ.

ಅಗಾಪೆ ಪದಕ್ಕೆ ಹುಟ್ಟಿನಿಂದ ಬಂದ ಪಾವಿತ್ರ್ಯವೂ ಇಲ್ಲ. ಎರಡನೆಯ ಸಮುವೇಲ 13ನೇ ಅಧ್ಯಾಯದಲ್ಲಿ ಅಮ್ನೋನನು ತಾಮಾರಳ ಮೇಲೆ ಬಲಾತ್ಕಾರ ಮಾಡುವ ಕಥೆಯಿದೆ. ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಭಾಷಾಂತರವಾದ ಸೆಪ್ಟುಅಜಿಂಟಿನಲ್ಲಿ, ಆತನಿಗೆ ಆಕೆಯ ಮೇಲಿದ್ದುದನ್ನು ಹೇಳುವ ಪದ ಅಗಾಪೆಯೇ. ಪೌಲನನ್ನು ಬಿಟ್ಟು ಹೋದ ದೇಮನು ಇಹಲೋಕವನ್ನು ಪ್ರೀತಿಸಿದ ಎಂಬಲ್ಲಿ ಕೂಡ (2 ತಿಮೊಥೆಯ 4:10), ಫರಿಸಾಯರು ಸಭಾಮಂದಿರದ ಮುಂದಿನ ಪೀಠಗಳನ್ನು ಪ್ರೀತಿಸುತ್ತಾರೆ ಎಂಬಲ್ಲಿ ಕೂಡ (ಲೂಕ 11:43) ‘ಅಗಪಾವೋ’ ಕ್ರಿಯಾಪದವೇ ಇದೆ. ಇನ್ನು ‘ಫಿಲೆಯೋ’ಗೆ ಮುತ್ತಿಡು ಎಂಬ ಅರ್ಥವೂ ಇತ್ತು, ಯೂದನು ಯೇಸುವನ್ನು ಹಿಡಿದುಕೊಡುವಾಗ ‘ನಾನು ಯಾರಿಗೆ ಮುತ್ತಿಡುತ್ತೇನೋ ಆತನೇ’ ಎಂದು ಗುರುತು ಹೇಳುವ ಮಾತಿನಲ್ಲಿರುವುದು ಅದು. ನಾಲ್ಕು ಪದಗಳ ಲೆಕ್ಕವೂ ಹೊಸ ಒಡಂಬಡಿಕೆಗೆ ಹೊಂದುವುದಿಲ್ಲ, ಏಕೆಂದರೆ ಉಳಿದೆರಡರಲ್ಲಿ ‘ಎರೋಸ್’ (ಪ್ರಣಯ) ಅದರಲ್ಲಿ ಎಲ್ಲಿಯೂ ಇಲ್ಲ, ‘ಸ್ಟೋರ್ಗೆ’ (ಮನೆಮಂದಿಯ ವಾತ್ಸಲ್ಯ) ಸ್ವತಂತ್ರ ಪದವಾಗಿ ಬರದೆ ಸಮಾಸಗಳ ಒಳಗೆ ಮಾತ್ರ ಕಾಣಿಸಿಕೊಳ್ಳುತ್ತದೆ. ದೇವರು ಪ್ರೀತಿಸ್ವರೂಪಿ ಎಂದು ಯೋಹಾನನ ಪತ್ರ ಹೇಳುವಾಗ ಆ ಮಾತಿನ ತೂಕ ಬರುವುದು ಇಡೀ ಪತ್ರದ ವಾದದಿಂದ, ಪದದ ಜಾತಕದಿಂದಲ್ಲ.

ಈಗ ಸಂಖ್ಯೆಗಳ ವಿಷಯ. ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಪ್ರಕಟಿಸಿದ್ದು ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲಿನ ಪದಾನುಕ್ರಮಣಿಕೆ. ಇಂಗ್ಲಿಷ್ ಪದದ ಹಿಂದೆ ಮೂಲದಲ್ಲಿ ಯಾವ ಪದವಿದೆಯೆಂದು ತೋರಿಸಲು ಆತ ಹೀಬ್ರೂ ಪದಗಳಿಗೆ 8674ರವರೆಗೆ, ಗ್ರೀಕ್ ಪದಗಳಿಗೆ 5624ರವರೆಗೆ ಸಂಖ್ಯೆ ಕೊಟ್ಟ. ಅದು ದೊಡ್ಡ ದುಡಿಮೆ, ಅದಕ್ಕೆ ನನ್ನ ಗೌರವವಿದೆ. ಆದರೆ ಸಂಖ್ಯೆ ನಿಮ್ಮನ್ನು ಪದದ ಮನೆಬಾಗಿಲವರೆಗೆ ಕರೆದೊಯ್ಯುತ್ತದೆ, ಅಷ್ಟೇ. ‘ಪ್ರೀತಿಸುತ್ತೀಯಾ’, ‘ಪ್ರೀತಿಸುತ್ತೇನೆ’, ‘ಪ್ರೀತಿಸಿದನು’ ಎಲ್ಲಕ್ಕೂ ಒಂದೇ ಸಂಖ್ಯೆ. ಪುರುಷ, ಕಾಲ, ವಿಭಕ್ತಿಗಳೆಲ್ಲ ಸಂಖ್ಯೆಯ ಹೊರಗೆ ಉಳಿಯುತ್ತವೆ, ವಾಕ್ಯ ನಿಂತಿರುವುದು ಅವುಗಳ ಮೇಲೆ.

ಯೇಸು ಪೇತ್ರನನ್ನು ಮೊದಲ ಸಲ ಕೇಳುವ ವಚನದಲ್ಲಿ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಪದ ಯಾವುದು ಗೊತ್ತೇ? ‘ತೂತೋನ್’, ಎಂದರೆ ‘ಇವರಿಗಿಂತ’ ಅಥವಾ ‘ಇವುಗಳಿಗಿಂತ’. ಗ್ರೀಕಿನ ಷಷ್ಠಿ ಬಹುವಚನದಲ್ಲಿ ಪುಲ್ಲಿಂಗಕ್ಕೂ ನಪುಂಸಕಲಿಂಗಕ್ಕೂ ಈ ಸರ್ವನಾಮದ ರೂಪ ಒಂದೇ. ಆದ್ದರಿಂದ ಯೇಸುವಿನ ಪ್ರಶ್ನೆ ‘ಈ ಶಿಷ್ಯರು ನನ್ನನ್ನು ಪ್ರೀತಿಸುವುದಕ್ಕಿಂತ ಹೆಚ್ಚಾಗಿ ನೀನು ಪ್ರೀತಿಸುತ್ತೀಯಾ’ ಎಂದಿರಬಹುದು, ‘ಇವರ ಮೇಲಿರುವುದಕ್ಕಿಂತ ಹೆಚ್ಚಿನ ಪ್ರೀತಿ ನಿನಗೆ ನನ್ನ ಮೇಲಿದೆಯೇ’ ಎಂದಿರಬಹುದು, ‘ಈ ದೋಣಿ ಬಲೆಗಳಿಗಿಂತ ನಾನು ನಿನಗೆ ಹೆಚ್ಚೇ’ ಎಂದೂ ಇರಬಹುದು. ಎಲ್ಲರೂ ಬಿಟ್ಟುಹೋದರೂ ನಾನು ಬಿಡುವುದಿಲ್ಲ ಎಂದು ಪೇತ್ರ ಜಂಬ ಕೊಚ್ಚಿದ್ದನ್ನು ಮತ್ತಾಯ ಮತ್ತು ಮಾರ್ಕ ದಾಖಲಿಸಿದ್ದಾರೆ. ಅದನ್ನು ನೆನೆದರೆ ಮೊದಲನೆಯ ಅರ್ಥವೇ ನನಗೆ ಸರಿಯೆನಿಸುತ್ತದೆ. ಮೂರನೆಯ ಸಲ ಕೇಳಿದ್ದಕ್ಕೆ ಪೇತ್ರನಿಗೆ ದುಃಖವಾಯಿತು ಎಂದು ಪಠ್ಯ ಬಾಯಿಬಿಟ್ಟು ಹೇಳುತ್ತದೆ, ಯೇಸುವನ್ನು ತಾನರಿಯೆನೆಂದು ಮೂರು ಸಲ ಅಲ್ಲಗಳೆದವನಿಗೆ ಮೂರು ಸಲ ಪ್ರಶ್ನೆ. ಇಷ್ಟು ಎದ್ದು ಕಾಣುವಾಗ ಕ್ರಿಯಾಪದ ಬದಲಾದದ್ದಕ್ಕೆ ದುಃಖವಾಯಿತೆಂದು ಹೇಳುವುದು ಪಠ್ಯವನ್ನು ಬದಿಗೊತ್ತಿ ನಿಘಂಟನ್ನು ಓದಿದಂತೆ.

ಪದದ ಮೂಲ ಒಡೆದು ಅರ್ಥ ಹೇಳುವ ಚಾಳಿಯೂ ಇದರ ಖಾಸಾ ತಮ್ಮ. ವೀಣೆಯಲ್ಲಿ ನುರಿತವನು ‘ಪ್ರವೀಣ’, ಹಸುವನ್ನು ಹುಡುಕುವುದು ‘ಗವೇಷಣೆ’. ಹಾಗೆಂದು ಗಣಿತದಲ್ಲಿ ಪ್ರವೀಣನಾದವನ ಕೈಯಲ್ಲಿ ವೀಣೆಯನ್ನು ಯಾರೂ ಹುಡುಕುವುದಿಲ್ಲ. ಕ್ರೈಸ್ತ ಸಭೆಗೆ ಬಳಸುವ ‘ಎಕ್ಲೇಸಿಯಾ’ ಎಂದರೆ ‘ಲೋಕದಿಂದ ಹೊರಗೆ ಕರೆಯಲ್ಪಟ್ಟವರು’ ಎಂದು ಬೋಧಿಸುವವರು ಅಪೊಸ್ತಲರ ಕೃತ್ಯಗಳ 19ನೇ ಅಧ್ಯಾಯ ತೆರೆಯಲಿ. ಎಫೆಸದಲ್ಲಿ ಏಕೆ ಕೂಡಿದ್ದೇವೆಂದೇ ತಿಳಿಯದೆ ಕೂಗಾಡುತ್ತಿದ್ದ ಜನರ ಗುಂಪಿಗೂ ಅಲ್ಲಿ ಅದೇ ಪದ. ಶಕ್ತಿ ಎಂಬರ್ಥದ ‘ದುನಾಮಿಸ್’ ಎಂದರೆ ಡೈನಮೈಟ್ ಎನ್ನುವವರಿಗೆ ಇಷ್ಟೇ ನೆನಪಿಸುತ್ತೇನೆ: ನೊಬೆಲ್ ಆ ಸ್ಫೋಟಕಕ್ಕೆ ಪೇಟೆಂಟ್ ಪಡೆದದ್ದು 1867ರಲ್ಲಿ, ಪೌಲನಿಗೆ ಅದರ ಸುಳಿವಿರಲಿಲ್ಲ.

ಪ್ರಶ್ನೆ: ಗ್ರೀಕಿನ ‘ಅಯೋರಿಸ್ಟ್’ ರೂಪ ಬಂದರೆ ಆ ಕ್ರಿಯೆ ಒಂದೇ ಕ್ಷಣದಲ್ಲಿ, ಒಂದೇ ಸಲಕ್ಕೆ ಮುಗಿದದ್ದು ಎಂದರ್ಥವೇ?

ಉತ್ತರ: ಅಲ್ಲ. ಈ ದೇವಾಲಯವನ್ನು ಕಟ್ಟಲು 46 ವರ್ಷ ಹಿಡಿಯಿತು ಎಂದು ಯೋಹಾನ 2:20ರಲ್ಲಿ ಬರುವ ಕ್ರಿಯಾಪದ ಅಯೋರಿಸ್ಟ್ ರೂಪದಲ್ಲಿದೆ. ಕ್ರಿಯೆಯನ್ನು ಒಳಗಿನಿಂದ ಬಿಡಿಸಿ ತೋರಿಸದೆ ಇಡಿಯಾಗಿ ಹೇಳುವ ರೂಪ ಅದು. ಎಷ್ಟು ಹೊತ್ತು ಹಿಡಿಯಿತೆಂಬುದನ್ನು ವಾಕ್ಯದ ಉಳಿದ ಭಾಗವೇ ಹೇಳಬೇಕು.

ಪ್ರಶ್ನೆ: ಹೀಬ್ರೂವಿನ ಸ್ವರಚಿಹ್ನೆಗಳನ್ನು ಮನುಷ್ಯರು ಆಮೇಲೆ ಸೇರಿಸಿದರಂತೆ. ಅವಿಲ್ಲದೆಯೇ ಕಲಿಯಬಹುದೇ?

ಉತ್ತರ: ಸೇರಿಸಿದ್ದು ಆಮೇಲೆ, ನಿಜ, ಆದರೆ ಹೀಬ್ರೂ ಪಠ್ಯವನ್ನು ಕಾಪಾಡಿಕೊಂಡು ಬಂದ ಮಸೊರೆಟ್ ಎಂಬ ಯೆಹೂದಿ ವಿದ್ವಾಂಸರು ದಾಖಲಿಸಿದ್ದು ತಲೆಮಾರುಗಳಿಂದ ಬಂದ ಓದಿನ ಕ್ರಮವನ್ನು. ಆದಿಕಾಂಡ 47:31ರಲ್ಲಿ ಯಾಕೋಬನು ಬಾಗಿದ್ದು ‘ಮಿಟ್ಟಾ’, ಅಂದರೆ ಮಂಚದ ತಲೆಭಾಗದ ಮೇಲೆ; ಅದೇ ವ್ಯಂಜನಗಳನ್ನು ‘ಮಟ್ಟೆ’ ಎಂದು ಓದಿದರೆ ಊರುಗೋಲು. ಸೆಪ್ಟುಅಜಿಂಟ್ ಓದಿದ್ದು ಊರುಗೋಲೆಂದೇ, ಆದ್ದರಿಂದ ಇಬ್ರಿಯರಿಗೆ ಬರೆದ ಪತ್ರದಲ್ಲಿಯೂ (11:21) ಅದೇ ಬಂದಿದೆ. ಇಂಥದ್ದನ್ನು ತೂಗಿ ನೋಡಲು ಮೊದಲು ಚಿಹ್ನೆಗಳು ಬರಬೇಕು. ಬಿಟ್ಟು ಓದುವ ಧೈರ್ಯ ಐದು ವರ್ಷದ ಅಭ್ಯಾಸದ ನಂತರ ಮಾಡಿ.

ಪ್ರಶ್ನೆ: ಹೀಬ್ರೂ ಅಕ್ಷರ ಒಂದೊಂದೂ ಚಿತ್ರವಂತೆ, ಎತ್ತು, ಮನೆ ಎಂದು ಜೋಡಿಸಿದರೆ ‘ಅವ್’, ಅಂದರೆ ತಂದೆ, ಪದದ ಗುಟ್ಟು ಬಿಚ್ಚಿಕೊಳ್ಳುವುದಂತೆ?

ಉತ್ತರ: ಇದು ಶುದ್ಧ ಢೋಂಗಿ. ಹೇಳಿಕೊಟ್ಟವರಿಗೆ ಹಣ ಕೊಟ್ಟಿದ್ದರೆ ವಾಪಸು ಕೇಳಿ.

ಪ್ರಶ್ನೆ: ನಲವತ್ತು ದಿನಗಳಲ್ಲಿ ಕಲಿಯಲು ಆಗುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ವ್ಯಾಕರಣದ ಮೊದಲ ಸುತ್ತು ಮುಗಿಸಿದ್ದೇನೆ. ಯಾವ ಪುಸ್ತಕದಿಂದ ಓದು ಆರಂಭಿಸಲಿ?

ಉತ್ತರ: ಕಡೆಗೂ ಕೇಳಬೇಕಾದ ಪ್ರಶ್ನೆಯೊಂದು ಬಂತು. ಗ್ರೀಕಿನಲ್ಲಿ ಯೋಹಾನನ ಮೊದಲನೆಯ ಪತ್ರ, ನಂತರ ಆತನ ಹೆಸರಿನ ಸುವಾರ್ತೆ, ಆಮೇಲೆ ಮಾರ್ಕ. ಹೊಸ ಒಡಂಬಡಿಕೆಯ ಸುಮಾರು 5,400 ಪದಗಳಲ್ಲಿ 50 ಸಲ ಅಥವಾ ಅದಕ್ಕಿಂತ ಹೆಚ್ಚು ಬರುವಂಥವು 300ರ ಆಸುಪಾಸಿನಲ್ಲಿವೆ, ಅಷ್ಟರಿಂದಲೇ ಪಠ್ಯದ ಐದರಲ್ಲಿ ನಾಲ್ಕು ಪಾಲು ತುಂಬಿದೆ. ಅವನ್ನು ಬಾಯಿಪಾಠ ಮಾಡಿ, ಉಳಿದುದಕ್ಕೆ ನಿಘಂಟು ಹಿಡಿಯಿರಿ. ಸಾಲಿನ ಕೆಳಗೆ ಅರ್ಥ ಅಚ್ಚಾದ ಪ್ರತಿಯನ್ನು ಮಾತ್ರ ಮುಟ್ಟಬೇಡಿ, ಕಣ್ಣು ಕೆಳಗೇ ಜಾರುತ್ತದೆ. ಹೀಬ್ರೂವಿನಲ್ಲಿ ಯೋಬನ ಗ್ರಂಥವನ್ನು ದೂರವಿಡಿ. ದಾನಿಯೇಲ 2:4ರ ನಡುವಿನಿಂದ 7ನೇ ಅಧ್ಯಾಯದ ಕೊನೆಯವರೆಗೆ ಅರಾಮಿಕ್ ಭಾಷೆಯಿದೆ, ಅದು ತಿಳಿಯದೆ ಎದೆಗುಂದಿದವರನ್ನು ಕಂಡಿದ್ದೇನೆ. ನಾಲ್ಕೇ ಅಧ್ಯಾಯದ ಯೋನನ ಗ್ರಂಥ ತೆಗೆದುಕೊಂಡು ಗಟ್ಟಿಯಾಗಿ ಓದಿ. ‘ಕೂಮ್ ಲೇಖ್’, ಏಳು, ನಿನೆವೆಗೆ ಹೋಗು ಎಂದು ದೇವರು ಹೇಳುತ್ತಾನೆ. ‘ವಯ್ಯಾಕೊಮ್ ಯೋನಾ’, ಯೋನ ಎದ್ದ. ಇನ್ನೇನು ‘ವಯ್ಯೇಲೆಖ್’, ಹೋದ, ಎಂದು ಬರಬೇಕು ಎನ್ನುವಷ್ಟರಲ್ಲಿ ‘ಲಿವ್ರೋಅಖ್’, ಓಡಿಹೋಗಲು, ಎಂದು ಬರುತ್ತದೆ, ಅದೂ ತಾರ್ಷೀಷಿಗೆ. ಕಿವಿ ಕಾದಿದ್ದ ಆ ‘ವಯ್ಯೇಲೆಖ್’ ಸಿಗುವುದು ಮೂರನೆಯ ಅಧ್ಯಾಯದ ಮೂರನೆಯ ವಚನದಲ್ಲಿ, ಮೀನಿನ ಹೊಟ್ಟೆಯಿಂದ ಹೊರಬಿದ್ದ ಮೇಲೆ.