ತೋಟದ ಶೆಡ್ಡಿನಲ್ಲಿ ನಿಂತ ಹಳೇ ಅಂಬಾಸಿಡರ್ ಸ್ಟೇಷನ್ ವ್ಯಾಗನ್‌ನ ಪೇಂಟ್, ಕ್ರೋಮ್ ಮತ್ತೆ ಹೊಳೆಯುವಂತೆ ಮಾಡಬಹುದೇ?

ಖಂಡಿತ ಮಾಡಬಹುದು. ಹೊಸ ಪೇಂಟ್ ಹೊಡೆಸಲು ಮಾತ್ರ ಅವಸರ ಬೇಡ. ಮೂಲ ಬಣ್ಣ ಒಮ್ಮೆ ಹೋದರೆ ಹೋಯಿತು, ಅಲ್ವಾ? ಚೆನ್ನಾಗಿ ತೊಳೆದು, ಒಂದು ಮೂಲೆಯಲ್ಲಿ ಬಿಳಿ ಬಟ್ಟೆಗೆ ರಬ್ಬಿಂಗ್ ಕಾಂಪೌಂಡ್ (ಪೇಂಟಿನ ಮೇಲ್ಮೈಯನ್ನು ನಯವಾಗಿ ಉಜ್ಜುವ ಪೇಸ್ಟ್) ಹಚ್ಚಿ ಉಜ್ಜಿ ನೋಡಿ. ಬಟ್ಟೆಗೆ ಗಾಡಿಯ ಬಣ್ಣ ಹತ್ತಿದರೆ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಇಲ್ಲ ಅಂತ ಅರ್ಥ. ಆಗ ಹೀಗೇ ಉಜ್ಜಿ ಬಣ್ಣದ ಮಾಸಿದ ಪದರ ಹೋದರೆ ಅಡಿಯಿಂದ ಹೊಳಪು ಬರುತ್ತದೆ. ಅಂಚುಗಳಲ್ಲಿ ಪೇಂಟ್ ತೆಳು, ಅಲ್ಲಿ ಜಾಸ್ತಿ ಉಜ್ಜಬೇಡಿ. ಕೊನೆಗೆ ವ್ಯಾಕ್ಸ್.

ಬಂಪರಿನ ಕ್ರೋಮ್ ಮೇಲೆ ಬರೀ ತುಕ್ಕಿನ ಚುಕ್ಕೆ ಇದ್ದರೆ ಅಲ್ಯೂಮಿನಿಯಂ ಫಾಯಿಲ್ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆತ್ತಗಿನ ಲೋಹ, ಹಾಗಾಗಿ ಗೀರು ಬೀಳುವ ಭಯ ಕಡಿಮೆ. ಪದರವೇ ಎದ್ದಿದ್ದರೆ ಹಳೆಯದನ್ನು ತೆಗೆಸಿ ತಾಮ್ರ, ನಿಕಲ್, ಆಮೇಲೆ ಕ್ರೋಮ್ ಪ್ಲೇಟಿಂಗ್ ಮಾಡಿಸಬೇಕು.

ಚಿಕ್ಕಮಗಳೂರಿನ ಮಳೆಗಾಲದಲ್ಲಿ ಗಾಡಿಗೆ ಟಾರ್ಪಾಲ್ ಬಿಗಿಯಾಗಿ ಸುತ್ತಬೇಡಿ. ತೇವ ಒಳಗೇ ನಿಲ್ಲುತ್ತದೆ.