ಫೋಲ್ಡರಿನಲ್ಲಿ ಇಲ್ಲದ ಕೇಸು

ಎಲ್‌ಎಲ್‌ಬಿ ಆಗಿದೆ, ವಿಶ್ವಸಂಸ್ಥೆಯಲ್ಲಿ ಕೆಲಸ ಬೇಕು. ಬಾಗಲಕೋಟೆ ನವನಗರದಲ್ಲಿ ವೃತ್ತಿ ಸಲಹೆ ಕೊಡುವ ನನ್ನ ಕೋಣೆಗೆ ಈ ವರ್ಷ ಹೀಗೆ ಬಂದವರಲ್ಲಿ ಈಕೆ ನಾಲ್ಕನೆಯವಳು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಜೊತೆಗೆ ಅಪ್ಪ. 'ಇಂಟರ್ನ್‌ಶಿಪ್ ಗ್ಯಾರಂಟಿ' ಎಂದ ಏಜೆಂಟನಿಗೆ ಒಂದೂವರೆ ಲಕ್ಷ ಕೊಡಲು ಸೊಸೈಟಿಯಲ್ಲಿ ಸಾಲ ಕೇಳಿ ಬಂದಿದ್ದರು.

ಅದನ್ನು ಮೊದಲು ಮುಗಿಸಿದೆ. ವಿಶ್ವಸಂಸ್ಥೆ ನೇಮಕಾತಿಯ ಯಾವ ಹಂತದಲ್ಲೂ ಶುಲ್ಕ ಕೇಳುವುದಿಲ್ಲ. ಅದರ ಸೆಕ್ರೆಟೇರಿಯಟ್‌ನ (ಆಡಳಿತ ಕಚೇರಿಯ) ಇಂಟರ್ನ್‌ಶಿಪ್‌ಗೆ ಸಂಬಳವೂ ಇಲ್ಲ. ವಿಶ್ವಸಂಸ್ಥೆಯ ಕಚೇರಿ ಇರುವ ಜಿನೀವಾದಲ್ಲಿ ಊಟ, ಬಾಡಿಗೆ ಎಲ್ಲ ನಮ್ಮದೇ. ಅಪ್ಪ ಫೋನು ಹಿಡಿದು ಹೊರಗೆ ಹೋದರು.

ಫೋಲ್ಡರ್ ಬಿಚ್ಚಿದಳು. ಹನ್ನೊಂದು ಆನ್‌ಲೈನ್ ಸರ್ಟಿಫಿಕೇಟು, ಎಲ್ಲಕ್ಕೂ ಲ್ಯಾಮಿನೇಶನ್. "ಸಂಜಿ ಏನ್ ಮಾಡ್ತಿ?" ಎಂದೆ.

"ಮಾವನ ಆಫೀಸ್‌ನ್ಯಾಗ ಎಲ್‌ಎಸಿ, ಅಂದ್ರ ಭೂಸ್ವಾಧೀನದ ಕೇಸ್ ಟೈಪ್ ಮಾಡ್ತೀನ್ರಿ. ರೈತರ ಹೇಳಿಕಿ ಇಂಗ್ಲಿಷಿಗೆ ಮಾಡಿ ಕೊಡ್ತೀನಿ. ನಮ್ಮಪ್ಪಂದೂ ಐತಿ ಅದರಾಗ."

"ಬಯೋಡಾಟಾದಾಗ ಇಲ್ಲಲ್ಲ?"

"ಅದೇನ್ ಬಿಡ್ರಿ ಮೇಡಮ್, ಮುಳುಗಡಿ ಕೇಸು. ಅಲ್ಲಿ ಯಾರ್ ಕೇಳ್ತಾರ?"

ಕೇಳುತ್ತಾರೆ. ಆಲಮಟ್ಟಿ ಹಿನ್ನೀರಿಗೆ ಊರು ಹೋದ ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕಿನ ಸಾಲವಿತ್ತು. ಪುನರ್ವಸತಿ ಸರಿಯಿಲ್ಲವೆಂದು ಬ್ಯಾಂಕ್ ಅದನ್ನು ತಡೆಹಿಡಿದದ್ದೂ ಉಂಟು. ನರ್ಮದೆಯ ಅಣೆಕಟ್ಟು ವಿರೋಧಿ ಹೋರಾಟದ ನಂತರ, ಇಂಥ ಯೋಜನೆಗಳಿಂದ ಹಾನಿಯಾದವರು ನೇರ ದೂರು ಕೊಡಲೆಂದೇ 1993ರಲ್ಲಿ ಬ್ಯಾಂಕಿನ ಇನ್‌ಸ್ಪೆಕ್ಷನ್ ಪ್ಯಾನೆಲ್ ಹುಟ್ಟಿತು. ಭೂಮಿ ಕಳೆದುಕೊಂಡವರ ಮಾತನ್ನು ಕಾನೂನಿನ ಭಾಷೆಗೆ ತರಬಲ್ಲ ಕೈ ಅಲ್ಲಿ ಬೇಕು. ಅದು ಇವಳಲ್ಲಿದೆ, ಲ್ಯಾಮಿನೇಶನ್ ಒಂದು ಆಗಿಲ್ಲ.

ವಕೀಲಿ ಸನ್ನದು ಮಾಡಿಸಿ ಎರಡು ಮೂರು ವರ್ಷ ಇಲ್ಲೇ ಕೋರ್ಟಿನಲ್ಲಿ ನಿಲ್ಲು, ಪಕ್ಕದಲ್ಲಿ ಫ್ರೆಂಚ್ ಕಲಿ, ಆಮೇಲೆ ಎಲ್‌ಎಲ್‌ಎಂ ಎಂದೆ. ಸೆಕ್ರೆಟೇರಿಯಟ್‌ನ ಕೆಳಹಂತದ ಕಾನೂನು ಹುದ್ದೆಗೂ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ, ಎರಡು ವರ್ಷದ ಅನುಭವ ಕೇಳುತ್ತಾರೆ. ವಿಶ್ವಸಂಸ್ಥೆಯ ಯುವ ವೃತ್ತಿಪರರ ಪರೀಕ್ಷೆಗೆ ವಯಸ್ಸು 32ರವರೆಗೆ ನಡೆಯುತ್ತದೆ, ಆದರೆ ಆ ವರ್ಷದ ದೇಶಗಳ ಪಟ್ಟಿಯಲ್ಲಿ ಭಾರತ ಇರಬೇಕು.

"ಹೇಗ್‌ನ ಅಂತರರಾಷ್ಟ್ರೀಯ ಕೋರ್ಟಿಗೆ ಹೊಂಟಾಕೀನ ಜಮಖಂಡಿ ಕೋರ್ಟಿಗೆ ಅಟ್ಟಿದ್ರಿ" ಎಂದು ಗೆಳತಿಯೊಬ್ಬಳು ನನ್ನನ್ನು ಆಡಿಕೊಂಡಳು. ಆಡಿಕೊಳ್ಳಲಿ. ಕಕ್ಷಿದಾರರ ಮುಖವನ್ನೇ ಕಾಣದವರಿಗೆ ಜಿನೀವಾದ ದಾರಿ ತೋರಿಸಲು ನನಗೆ ಮನಸ್ಸಿಲ್ಲ.

ತಿಂಗಳ ಮೇಲೆ ವಾಟ್ಸ್ಯಾಪ್ ಬಂತು: 'ಮುಳುಗಡೆ ಸಂತ್ರಸ್ತ'ಕ್ಕೆ ಬಯೋಡಾಟಾದಲ್ಲಿ ಏನು ಬರೆಯಲಿ? ಬ್ಯಾಂಕಿನವರು ಬಳಸುವ ಪದ ಕಳಿಸಿದೆ, 'ಪ್ರಾಜೆಕ್ಟ್ ಅಫೆಕ್ಟೆಡ್ ಪರ್ಸನ್'.

"ನಮ್ಮಪ್ಪಗ ಇಷ್ಟ್ ದೊಡ್ಡ ಹೆಸರೈತೇನ್ರಿ ಮೇಡಮ್?"